ಗುಲಾಬಿ ಮೊಲದ ಪಾಠ: ಊರು ಬಿಟ್ಟ ಕುಟುಂಬದ ಕಥೆಯನ್ನು ಮಕ್ಕಳ ಜೊತೆ ಓದುವ ಬಗೆ

ಮೊದಲ ವರ್ಷ ಜೂಡಿತ್ ಕೆರ್ ಅವರ 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್ಯಾಬಿಟ್' (ಹಿಟ್ಲರ್ ಗುಲಾಬಿ ಮೊಲ ಕದ್ದಾಗ) ಎಂಬ ಕಾದಂಬರಿಯನ್ನು ಏಳನೇ ತರಗತಿಗೆ ತೆಗೆದುಕೊಂಡು ಹೋದಾಗ ನಾನೊಂದು ತಪ್ಪು ಮಾಡಿದೆ. ಪುಸ್ತಕ ತೆರೆಯುವ ಮುನ್ನವೇ ನಾಜಿಗಳ ಯಾತನಾ ಶಿಬಿರಗಳ ಫೋಟೊಗಳನ್ನು ಮಕ್ಕಳಿಗೆ ತೋರಿಸಿದೆ. ಹಿನ್ನೆಲೆ ಗೊತ್ತಿದ್ದರೆ ಕಥೆ ಮನಸ್ಸಿಗೆ ಇಳಿಯುತ್ತದೆ ಎಂದುಕೊಂಡಿದ್ದೆ. ಆದರೆ ಆಮೇಲಿನ ಮೂರು ವಾರ ಮಕ್ಕಳು ಆ ಫೋಟೊಗಳು ಕಥೆಯಲ್ಲಿ ಯಾವಾಗ ಬರುತ್ತವೆ ಎಂದು ಕಾಯುತ್ತಾ ಕೂತರು. ಕೊನೆಯ ಅಧ್ಯಾಯ ಮುಗಿದ ದಿನ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದರಲ್ಲಿ ಏನೂ ಆಗೋದೇ ಇಲ್ವಲ್ಲ" ಅಂದ.

ಕಥೆಯಲ್ಲಿ ಆ ಕುಟುಂಬದ ಮನೆ ಹೋಗಿತ್ತು. ಅಪ್ಪನ ಕೆಲಸ ಹೋಗಿತ್ತು. ಮೂರು ವರ್ಷದಲ್ಲಿ ಮೂರು ದೇಶ, ಮೂರು ಭಾಷೆ ಬದಲಾಗಿತ್ತು. ಆದರೂ ಅವನಿಗೆ ಏನೂ ಆಗಿಲ್ಲ ಅನ್ನಿಸಿತು. ತಪ್ಪು ಅವನದಲ್ಲ. ಹೆಣಗಳ ರಾಶಿಯನ್ನು ಅಳತೆಗೋಲಾಗಿ ಅವನ ಕೈಗೆ ಕೊಟ್ಟವಳು ನಾನು. ಅದರ ಮುಂದೆ ಕಳೆದುಹೋದ ಆಟಿಕೆ ಮೊಲ ಎಷ್ಟು ದೊಡ್ಡದಾಗಿ ಕಂಡೀತು? ಅಂದಿನಿಂದ ಪಾಠದ ಕ್ರಮವನ್ನೇ ತಿರುಗಿಸಿದೆ. ನಿರಾಶ್ರಿತರ ಕಥೆಯಲ್ಲಿ ಮಕ್ಕಳಿಗೆ ಕಾಣಿಸಬೇಕಾದದ್ದು ಓಡಿಹೋದ ರಾತ್ರಿಗಿಂತ ಮರುದಿನದ ಬೆಳಗು: ಎಲ್ಲಿ ಹಾಲು ತರುವುದು, ಯಾವ ಭಾಷೆಯಲ್ಲಿ ಕೇಳುವುದು, ಯಾವ ಶಾಲೆಗೆ ಸೇರುವುದು. ಆ ದಾರಿಯಲ್ಲಿ ಹನ್ನೆರಡು ಪೀರಿಯಡ್‌ಗಳಲ್ಲಿ ಪಾಠ ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಆರನೇ ತರಗತಿಯಿಂದ ಎಂಟನೇ ತರಗತಿಯವರೆಗೆ ಇದು ಹೊಂದುತ್ತದೆ.

ಪುಸ್ತಕ 1971ರಲ್ಲಿ ಪ್ರಕಟವಾಯಿತು. ಕಥೆ ಶುರುವಾಗುವುದು 1933ರ ಬರ್ಲಿನ್‌ನಲ್ಲಿ. ಒಂಬತ್ತು ವರ್ಷದ ಅನ್ನಾ, ಅವಳ ಅಣ್ಣ ಮ್ಯಾಕ್ಸ್, ಅಮ್ಮ, ಹೆಸರಾಂತ ಲೇಖಕನಾದ ಅಪ್ಪ. ಯಹೂದಿ ಕುಟುಂಬ, ಅಪ್ಪ ನಾಜಿಗಳ ವಿರುದ್ಧ ಬಿಡದೆ ಬರೆದವನು. ಚುನಾವಣೆಗೆ ಮುಂಚೆಯೇ ಅಪ್ಪ ಗುಟ್ಟಾಗಿ ಪ್ರಾಗ್‌ಗೆ ಹೋಗುತ್ತಾನೆ, ಹಿಂದೆಯೇ ಉಳಿದವರು ರೈಲು ಹತ್ತಿ ಸ್ವಿಟ್ಜರ್ಲೆಂಡ್ ಸೇರುತ್ತಾರೆ. ಅಲ್ಲಿಂದ ಪ್ಯಾರಿಸ್, ಕೊನೆಗೆ ಲಂಡನ್.

1. ಮೊದಲು ನೀವು ಎರಡು ಸಲ ಓದಿ

ಮೊದಲ ಸಲ ಸುಮ್ಮನೆ ಕಥೆಗಾಗಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತು ಒಂದೇ ಒಂದು ವಿಷಯ ಗುರುತು ಹಾಕಿಕೊಳ್ಳಿ: ಅನ್ನಾಗೆ ಅರ್ಥವಾಗದೆ ಓದುವವರಿಗೆ ಮಾತ್ರ ಅರ್ಥವಾಗುವ ಜಾಗಗಳು ಯಾವುವು?

ಒಂದು ಉದಾಹರಣೆ ಹೇಳುತ್ತೇನೆ. ಅಪ್ಪನ ತಲೆಗೆ ನಾಜಿಗಳು ಸಾವಿರ ಮಾರ್ಕ್ (ಜರ್ಮನಿಯ ಅಂದಿನ ನಾಣ್ಯ) ಬೆಲೆ ಕಟ್ಟಿದ್ದಾರೆ ಎಂಬ ಮಾತು ಅನ್ನಾಳ ಕಿವಿಗೆ ಬೀಳುತ್ತದೆ. 'ತಲೆಗೆ ಬೆಲೆ' ಅಂದರೆ ಏನೆಂದು ಅವಳಿಗೆ ತಿಳಿಯದು. ಅಪ್ಪನ ತಲೆಯ ಮೇಲೆ ಸಾವಿರ ನಾಣ್ಯ ಸುರಿದು ಅವನ ಉಸಿರು ಕಟ್ಟುವ ಹಾಗೆ ಕಲ್ಪಿಸಿಕೊಂಡು ಹೆದರುತ್ತಾಳೆ. ದೊಡ್ಡವರಾದ ನಮಗೆ ಅದರ ಅರ್ಥ ಗೊತ್ತು, ಹಾಗಾಗಿ ಅವಳಿಗಿಂತ ಹೆಚ್ಚು ಹೆದರುತ್ತೇವೆ. ಅವಳ ತಪ್ಪು ತಿಳಿವಳಿಕೆಗೂ ನಮ್ಮ ತಿಳಿವಳಿಕೆಗೂ ನಡುವಿನ ಆ ಸಂದಿಯಲ್ಲೇ ಇಡೀ ಕಾದಂಬರಿ ನಿಂತಿದೆ. ಇಂಥ ಜಾಗ ಏಳೆಂಟು ಸಿಕ್ಕರೆ ನಿಮ್ಮ ಪಾಠ ಯೋಜನೆ ಅರ್ಧ ಮುಗಿಯಿತು.

2. ಹಿಟ್ಲರ್ ಎಂಬ ಹೆಸರನ್ನು ಮೊದಲ ದಿನವೇ ಎದುರಿಸಿ

ನಮ್ಮ ಮಕ್ಕಳ ಬಾಯಲ್ಲಿ ಹಿಟ್ಲರ್ ಅಂದರೆ ಕಟ್ಟುನಿಟ್ಟಿನ ಮನುಷ್ಯ. ಹೆಡ್‌ಮಾಸ್ಟರ್‌ಗೆ ಆ ಹೆಸರಿಡುತ್ತಾರೆ, ಬೈಯುವ ದೊಡ್ಡಪ್ಪನಿಗೆ ಇಡುತ್ತಾರೆ. "ಶಿಸ್ತು ಇತ್ತು ಮಿಸ್ ಅವನಿಗೆ" ಎಂದು ಮೆಚ್ಚಿ ಹೇಳುವ ಮಕ್ಕಳೂ ಇದ್ದಾರೆ. ಇದನ್ನು ಕೇಳಿಸಿಕೊಳ್ಳದವರಂತೆ ದಾಟಿ ಪಾಠ ಶುರುಮಾಡಿದರೆ ಪುಸ್ತಕದ ತಲೆಬರಹವೇ ಅವರಿಗೆ ತಮಾಷೆಯಾಗಿ ಕೇಳುತ್ತದೆ.

ನಾನು ಮಾಡುವುದು ಇಷ್ಟು. ಹಲಗೆಯ ಮೇಲೆ ಆ ಹೆಸರು ಬರೆದು, "ಈ ಹೆಸರು ಕೇಳಿದರೆ ನಿಮಗೆ ಏನು ನೆನಪಾಗುತ್ತೆ?" ಎಂದು ಕೇಳುತ್ತೇನೆ. ಹೇಳಿದ್ದನ್ನೆಲ್ಲ, ಮೀಸೆಯಿಂದ ಹಿಡಿದು ಶಿಸ್ತಿನವರೆಗೆ, ಬರೆದುಕೊಳ್ಳುತ್ತೇನೆ. ಯಾರನ್ನೂ ಬೈಯುವುದಿಲ್ಲ. ಆಮೇಲೆ ನೇರವಾಗಿ ಹೇಳುತ್ತೇನೆ: ಈ ಮನುಷ್ಯನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು, ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ಇಷ್ಟನ್ನು ಹೇಳಿ ನಿಲ್ಲಿಸುತ್ತೇನೆ. ಫೋಟೊ ಬೇಡ, ವಿಡಿಯೊ ಬೇಡ. ಹಲಗೆಯ ಆ ಪಟ್ಟಿಯನ್ನು ಒಂದು ಚಾರ್ಟ್ ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿಡಿ. ಪುಸ್ತಕ ಮುಗಿದ ಮೇಲೆ ಅದರಲ್ಲಿ ಯಾವುದನ್ನು ಹೊಡೆದುಹಾಕಬೇಕು ಎಂದು ಮಕ್ಕಳೇ ತೀರ್ಮಾನಿಸಲಿ.

ಕಾದಂಬರಿಯ ಮೊದಲ ಪುಟಗಳಲ್ಲೇ ಇದಕ್ಕೆ ಹೊಂದುವ ಸಂಗತಿಯೊಂದಿದೆ. ಅನ್ನಾ ಮತ್ತು ಗೆಳತಿ ಎಲ್ಸ್‌ಬೆತ್ ಶಾಲೆಯಿಂದ ಬರುವಾಗ ಹಿಟ್ಲರನ ಪೋಸ್ಟರ್ ನೋಡುತ್ತಾರೆ. ಎಲ್ಸ್‌ಬೆತ್‌ಳ ಪುಟ್ಟ ತಂಗಿ ಆ ಮೀಸೆ ನೋಡಿ ಅದು ಚಾರ್ಲಿ ಚಾಪ್ಲಿನ್ ಎಂದುಕೊಂಡಿದ್ದಳಂತೆ. ನಮ್ಮ ಮಕ್ಕಳು ನಗುತ್ತಾರೆ, ನಗಲಿ. ಅನ್ನಾ ಕೂಡ ಕಥೆಯಲ್ಲಿ ಅಲ್ಲಿಂದಲೇ ಶುರುಮಾಡಿದ್ದು.

3. ಒಂದು ನಕ್ಷೆ, ಒಂದು ಕೆಂಪು ದಾರ, ಆರು ತಾರೀಖು

ಯುರೋಪಿನ ನಕ್ಷೆಯಲ್ಲಿ ಬರ್ಲಿನ್, ಜೂರಿಕ್, ಪ್ಯಾರಿಸ್, ಲಂಡನ್ ನಾಲ್ಕಕ್ಕೂ ಗುಂಡುಪಿನ್ನು ಚುಚ್ಚಿ. ಕುಟುಂಬ ಮುಂದಕ್ಕೆ ಹೋದ ಹಾಗೆಲ್ಲ ದಾರ ಎಳೆಯುವ ಕೆಲಸ ಒಬ್ಬೊಬ್ಬ ಮಗುವಿಗೆ ಒಂದೊಂದು ಸಲ ಕೊಡಿ. ಪಕ್ಕದಲ್ಲಿ ಈ ತಾರೀಖುಗಳು ಸಾಕು:

1933 ಜನವರಿ 30: ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ.
1933 ಫೆಬ್ರವರಿ 27: ಸಂಸತ್ ಭವನಕ್ಕೆ ಬೆಂಕಿ ಬಿತ್ತು; ಮರುದಿನವೇ ಜನರ ಹಕ್ಕುಗಳನ್ನು ಮೊಟಕು ಮಾಡಲಾಯಿತು.
1933 ಮಾರ್ಚ್ 5: ಚುನಾವಣೆ. ನಾಜಿ ಪಕ್ಷಕ್ಕೆ ಶೇ 44ರಷ್ಟು ಮತ.
1933 ಮೇ 10: ಬರ್ಲಿನ್‌ನಲ್ಲೂ ಇತರ ಊರುಗಳಲ್ಲೂ ಪುಸ್ತಕಗಳ ಸುಡುವಿಕೆ.
1935: ಯಹೂದಿಗಳ ಪೌರತ್ವ ಕಸಿದುಕೊಂಡ ನ್ಯೂರೆಂಬರ್ಗ್ ಕಾನೂನುಗಳು.
1939 ಸೆಪ್ಟೆಂಬರ್: ಎರಡನೇ ಮಹಾಯುದ್ಧದ ಆರಂಭ.

ಕೊನೆಯ ತಾರೀಖು ಕಥೆ ಮುಗಿದ ಮೇಲಿನದು, ಕುಟುಂಬ ಲಂಡನ್ ತಲುಪಿದ್ದು 1936ರಲ್ಲಿ. ಆದರೂ ಅದನ್ನು ಬಿಡಬೇಡಿ. ಯುದ್ಧ ಶುರುವಾಗುವುದಕ್ಕೆ ಆರು ವರ್ಷ ಮೊದಲೇ ಈ ಕುಟುಂಬ ಮನೆ ಬಿಟ್ಟಿತ್ತು ಎಂಬುದು ಮಕ್ಕಳಿಗೆ ಆಗಲೇ ಹೊಳೆಯುವುದು. ಯುದ್ಧ ಬಂದಾಗ ಮಾತ್ರ ಜನ ನಿರಾಶ್ರಿತರಾಗುತ್ತಾರೆ ಎಂದು ಅವರು ಅಂದುಕೊಂಡಿರುತ್ತಾರೆ.

ಇಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಉಳಿದವರೆಲ್ಲ ಯಾಕೆ ಹೋಗಲಿಲ್ಲ?" ಉತ್ತರ ಕೊಡಬೇಡಿ. ಅಪ್ಪನ ಗೆಳೆಯ ಜೂಲಿಯಸ್ ಮಾಮನ ಪಾತ್ರ ಬರುವವರೆಗೆ ಆ ಪ್ರಶ್ನೆಯೂ ಗೋಡೆಯ ಮೇಲಿರಲಿ.

4. ಪದಗಳನ್ನು ಬೇರೆಬೇರೆ ಇಡಿ

ಕನ್ನಡದಲ್ಲಿ ಊರು ಬಿಡುವುದಕ್ಕೆ ಎಷ್ಟೊಂದು ಮಾತುಗಳಿವೆ! ಮದುವೆಯಾಗಿ ಹೋಗುವುದು ಒಂದು, ವರ್ಗವಾಗಿ ಹೋಗುವುದು ಇನ್ನೊಂದು. ಮಳೆ ಕೈಕೊಟ್ಟಾಗ ರಾಯಚೂರು, ಯಾದಗಿರಿ ಕಡೆಯ ಜನ ಗುಳೆ ಹೋಗುತ್ತಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲೂ ಆಲಮಟ್ಟಿಯ ಹಿನ್ನೀರಿನಲ್ಲೂ ಊರು ಕಳೆದುಕೊಂಡವರು ಮುಳುಗಡೆ ಸಂತ್ರಸ್ತರು. ನಿರಾಶ್ರಿತರು ಇವರೆಲ್ಲರಿಗಿಂತ ಬೇರೆ.

1951ರ ಜಿನೀವಾ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ್ದಕ್ಕಾಗಿ ಹಿಂಸೆಯಾಗುತ್ತದೆಂಬ ಭಯದಿಂದ ತನ್ನ ದೇಶದ ಗಡಿ ದಾಟಿ, ವಾಪಸ್ ಹೋಗಲಾರದವರು ನಿರಾಶ್ರಿತರು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ಲಕ್ಷಾಂತರ ಮಂದಿಗೆ ಜಾಗ ಕೊಟ್ಟಿದೆ. ಇಷ್ಟು ಹೇಳಿ, "ಅನ್ನಾಳ ಅಪ್ಪ ಇದರಲ್ಲಿ ಯಾವ ಕಾರಣಕ್ಕೆ ಹೊರಟ?" ಎಂದು ಕೇಳಿ. ಎರಡು ಕಾರಣ ಸಿಗುತ್ತವೆ. ಒಂದೇ ಹೇಳಿದ ಗುಂಪಿಗೆ ಇನ್ನೊಂದನ್ನು ಹುಡುಕಲು ಬಿಡಿ.

ಈ ಪದಗಳ ಕೆಲಸವನ್ನು ಒಣ ಪಾಠವಾಗಿಸಬೇಡಿ. ತರಗತಿಯಲ್ಲಿ ಗುಳೆ ಬಂದ ಮನೆಯ ಮಗು ಇರಬಹುದು, ಮುಳುಗಡೆಯ ಅಜ್ಜಿಯ ಮೊಮ್ಮಗ ಇರಬಹುದು. ಅವರ ಅನುಭವ ಅನ್ನಾಳದ್ದಲ್ಲ, ಆದರೆ ಅದಕ್ಕೆ ಹತ್ತಿರದ್ದು. ಈ ವ್ಯತ್ಯಾಸವನ್ನೂ ಹತ್ತಿರವನ್ನೂ ಎರಡನ್ನೂ ಉಳಿಸಿಕೊಂಡು ಮುಂದೆ ಹೋಗಬೇಕು.

5. ಒಂದೇ ಪ್ರತಿ ಇದ್ದರೂ ಓದಬಹುದು

ನನ್ನ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು, ಪುಸ್ತಕ ಒಂದೇ, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಪೂರ್ತಿ ಪುಸ್ತಕ ಓದುವ ಆಸೆ ಬಿಟ್ಟೆ. ಎಂಟು ಪ್ರಸಂಗ ಆರಿಸಿಕೊಂಡು ಅವುಗಳನ್ನು ಮಾತ್ರ ನಿಧಾನವಾಗಿ ಓದುತ್ತೇನೆ: ಒಂದೆರಡು ಪ್ಯಾರಾ ಇಂಗ್ಲಿಷಿನಲ್ಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುವುದು. ನಡುವಿನದನ್ನು ಕಥೆಯಾಗಿ ಐದು ನಿಮಿಷದಲ್ಲಿ ಹೇಳಿ ದಾಟಿಸುತ್ತೇನೆ.

ನನ್ನ ಎಂಟು ಇವು: ಅಪ್ಪ ಕಾಣೆಯಾದ ಬೆಳಗ್ಗೆ, ಆಟಿಕೆ ಆರಿಸುವುದು, ರೈಲಿನಲ್ಲಿ ಗಡಿ ದಾಟುವುದು, ಅನ್ನಾ ಮತ್ತು ಮ್ಯಾಕ್ಸ್ ಜೊತೆ ಆಡಕೂಡದು ಎಂದು ಜರ್ಮನ್ ಮಕ್ಕಳಿಗೆ ಅವರ ತಾಯಿ ತಾಕೀತು ಮಾಡುವುದು, ತಲೆಗೆ ಬೆಲೆ, ಪ್ಯಾರಿಸ್‌ಗೆ ಹೊರಟವರು ಜರ್ಮನಿಗೆ ಹೋಗುವ ರೈಲು ಹತ್ತಿಬಿಡುವುದು, ಫ್ರೆಂಚ್ ಬಾಯಿಗೆ ಬಂದ ದಿನ, ಜೂಲಿಯಸ್ ಮಾಮನ ಸುದ್ದಿ.

ಕನ್ನಡಕ್ಕೆ ಹೇಳುವಾಗ ಹೆಸರುಗಳನ್ನು ಬದಲಿಸಬೇಡಿ. ಅನ್ನಾಳನ್ನು ಅನ್ನಪೂರ್ಣ ಮಾಡುವುದು, ಜೂರಿಕ್ ಸರೋವರವನ್ನು ಕುಕ್ಕರಹಳ್ಳಿ ಕೆರೆ ಮಾಡುವುದು ಬೇಡ. ಅವಳು ಅಲ್ಲಿಯವಳಾಗಿಯೇ ಇರಲಿ. ಮಕ್ಕಳು ದೂರ ನಡೆದು ಅವಳ ಹತ್ತಿರ ಹೋಗುವುದು ಪಾಠದ ಒಂದು ಭಾಗ.

ತಪ್ಪು ರೈಲಿನ ಪ್ರಸಂಗವನ್ನು ಗಟ್ಟಿಯಾಗಿ, ಬಿಡುವು ಕೊಡದೆ ಓದಿ. ಕೂಲಿಯವನು ಸಾಮಾನು ಹತ್ತಿಸಿದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ರೈಲಿಗೆ. ಮಕ್ಕಳಿಗೆ ನಕ್ಷೆ ಗೊತ್ತಿದ್ದರೆ ಆ ಊರಿನ ಹೆಸರು ಕೇಳುತ್ತಲೇ ಉಸಿರು ಬಿಗಿಹಿಡಿಯುತ್ತಾರೆ. ಮೂರನೇ ಹೆಜ್ಜೆಯ ದಾರ, ಗುಂಡುಪಿನ್ನಿನ ಶ್ರಮವೆಲ್ಲ ಆ ಒಂದು ಕ್ಷಣಕ್ಕೆ.

6. ಮೊಲದ ಪುಟ, ಮತ್ತು ಮಾಡಬಾರದ ಒಂದು ಚಟುವಟಿಕೆ

ಊರು ಬಿಡುವಾಗ ಅನ್ನಾ ಒಂದೇ ಆಟಿಕೆ ತೆಗೆದುಕೊಳ್ಳಬಹುದು. ಹಳೆಯ ಗುಲಾಬಿ ಮೊಲವನ್ನು ಬಿಟ್ಟು ಹೊಸ ಉಣ್ಣೆ ನಾಯಿಯನ್ನು ತೆಗೆದುಕೊಳ್ಳುತ್ತಾಳೆ. ಬೇಗ ವಾಪಸ್ ಬರುತ್ತೇವೆ ಎಂಬ ನಂಬಿಕೆ ಅವಳದು. ಆಮೇಲೆ ಮನೆಯ ಸಾಮಾನೆಲ್ಲ ನಾಜಿಗಳ ವಶವಾಗುತ್ತದೆ, ಮೊಲವೂ ಅದರಲ್ಲಿ ಸೇರಿಹೋಗುತ್ತದೆ. ಹಿಟ್ಲರ್ ತನ್ನ ಮೊಲವನ್ನು ಅಪ್ಪಿಕೊಂಡು ಕೂತಿರುವಂತೆ ಅವಳಿಗೆ ಕಾಣುತ್ತದೆ.

ಈ ಪುಟ ಬಂದಾಗ ಎಲ್ಲ ಶಿಕ್ಷಕರಿಗೂ ಹೊಳೆಯುವ ಚಟುವಟಿಕೆ ಒಂದಿದೆ: "ಐದು ನಿಮಿಷದಲ್ಲಿ ಮನೆ ಬಿಡಬೇಕು, ಬ್ಯಾಗಿಗೆ ಏನು ಹಾಕುತ್ತೀರಿ?" ಗಡಿಯಾರ ಇಟ್ಟು ಓಡಿಸುವುದು, ಒಬ್ಬ ಹುಡುಗನನ್ನು ಸೈನಿಕನನ್ನಾಗಿ ನಿಲ್ಲಿಸುವುದು. ದಯವಿಟ್ಟು ಮಾಡಬೇಡಿ. ಅದು ಆಟವಾಗಿಬಿಡುತ್ತದೆ, ಇಲ್ಲವೇ ಮನೆ ಕಳೆದುಕೊಂಡ ಅನುಭವ ಇರುವ ಮಗುವಿಗೆ ಗಾಯ ಕೆದಕುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉಟ್ಟ ಬಟ್ಟೆಯಲ್ಲಿ ಹೊರಬಂದ ಕುಟುಂಬಗಳ ಮಕ್ಕಳು ನಮ್ಮ ಸುತ್ತಲಿನ ಶಾಲೆಗಳಲ್ಲೇ ಓದಿದ್ದಾರೆ.

ಇದರ ಬದಲು ಅನ್ನಾಳ ತೀರ್ಮಾನವನ್ನೇ ಹಿಡಿದು ಕೂರಿ. ಅವಳು ನಾಯಿಯನ್ನು ಯಾಕೆ ಆರಿಸಿದಳು? ವಾಪಸ್ ಬರುವುದಿಲ್ಲ ಎಂದು ಗೊತ್ತಿದ್ದರೆ ಯಾವುದನ್ನು ಆರಿಸುತ್ತಿದ್ದಳು? ಅಮ್ಮನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ಕೊನೆಯ ಪ್ರಶ್ನೆಗೆ ನನ್ನ ತರಗತಿಯಲ್ಲಿ ಒಂದಿಡೀ ಪೀರಿಯಡ್ ಹೋಯಿತು. "ಹೇಳಿದ್ರೆ ಅವಳು ರೈಲಲ್ಲಿ ಅಳ್ತಿದ್ಲು, ಪೊಲೀಸರಿಗೆ ಗೊತ್ತಾಗ್ತಿತ್ತು" ಎಂದು ಒಬ್ಬಳು. "ಅಮ್ಮನಿಗೂ ನಂಬಕ್ಕೆ ಇಷ್ಟ ಇರ್ಲಿಲ್ಲ" ಎಂದು ಇನ್ನೊಬ್ಬ. ಎರಡೂ ಸರಿ.

7. ಹೊಸ ಮನೆಯ ಲೆಕ್ಕ

ಹನ್ನೆರಡರಲ್ಲಿ ನಾಲ್ಕು ಪೀರಿಯಡ್‌ಗಳನ್ನು ಇದಕ್ಕೇ ಇಟ್ಟುಕೊಳ್ಳಿ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಕುಟುಂಬದ ಒಬ್ಬೊಬ್ಬರನ್ನು ಕೊಡಿ. ನೋಟ್‌ಬುಕ್ಕಿನ ಪುಟವನ್ನು ಮೂರು ಕಂಬವಾಗಿ ಗೆರೆ ಎಳೆದು, ಬರ್ಲಿನ್‌ನಲ್ಲಿ ಇದ್ದದ್ದು, ದಾರಿಯಲ್ಲಿ ಹೋದದ್ದು, ಹೊಸದಾಗಿ ಕಲಿತದ್ದು ಎಂದು ಬರೆಸಿ.

ಅಪ್ಪನ ಪುಟ ಮೊದಲು ಮಕ್ಕಳಿಗೆ ಸುಲಭ ಅನ್ನಿಸುತ್ತದೆ: ಕೆಲಸ ಹೋಯಿತು. ಆದರೆ ಕೆದಕಿ. ಅವನು ಬರಹಗಾರ, ಅವನ ಹತಾರ ಜರ್ಮನ್ ಭಾಷೆ. ಬಡಗಿಗಾದರೆ ಉಳಿ, ಸುತ್ತಿಗೆ ಎಲ್ಲಿ ಹೋದರೂ ಒಂದೇ. ಬರಹಗಾರನಿಗೆ ಗಡಿ ದಾಟಿದ ಕೂಡಲೇ ಹತಾರವೇ ಮೊಂಡಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಓದುವವರಿದ್ದಾರಲ್ಲ ಎಂದು ಮಕ್ಕಳು ಕೇಳಬಹುದು, ಒಳ್ಳೆಯ ಪ್ರಶ್ನೆ. ಸ್ವಿಸ್ ದೇಶ ತಟಸ್ಥ. ಪಕ್ಕದ ನಾಜಿ ಸರ್ಕಾರದ ಕಣ್ಣು ಕೆಂಪಾದೀತೆಂದು ಅಲ್ಲಿಯ ಪತ್ರಿಕೆಗಳು ಅವನ ಬರಹ ಹಾಕಲು ಹಿಂಜರಿದವು. ಅದಕ್ಕೇ ಪ್ಯಾರಿಸ್‌ಗೆ ಹೊರಟದ್ದು.

ಅಮ್ಮನ ಪುಟ ಹೆಚ್ಚಾಗಿ ಹುಡುಗಿಯರೇ ತುಂಬಿಸುತ್ತಾರೆ, ಆದರೆ ಹುಡುಗರ ಗುಂಪಿಗೇ ಕೊಡಿ. ಪಿಯಾನೊ ನುಡಿಸುತ್ತಿದ್ದ ಅಮ್ಮ. ಬರ್ಲಿನ್‌ನಲ್ಲಿ ಮನೆಗೆಲಸವೆಲ್ಲ ಮನೆ ನೋಡಿಕೊಳ್ಳುತ್ತಿದ್ದ ಹೈಂಪಿಯದು. ಪ್ಯಾರಿಸ್‌ನ ಪುಟ್ಟ ಮನೆಯಲ್ಲಿ ಅಡುಗೆ, ಹೊಲಿಗೆ ಅಮ್ಮನೇ ಕಲಿಯಬೇಕು. ಬಾಡಿಗೆಯ ದುಡ್ಡಿಗೆ ಚಿಂತೆ ಮಾಡಬೇಕು, ಕಟ್ಟಡ ನೋಡಿಕೊಳ್ಳುವ ಹೆಂಗಸಿನ ಚುಚ್ಚುಮಾತು ಕೇಳಬೇಕು. ಕಥೆಯಲ್ಲಿ ಅತಿ ಹೆಚ್ಚು ಹೊಸದು ಕಲಿತವಳು ಅಮ್ಮ ಎಂದು ಹುಡುಗರು ಲೆಕ್ಕ ಹಾಕಿ ತೋರಿಸಿದ ದಿನ ನನಗೆ ತುಂಬ ಸಂತೋಷವಾಯಿತು.

ಮ್ಯಾಕ್ಸ್ ಎಲ್ಲರ ಹಾಗೆ ಕಾಣಿಸಬೇಕೆಂದು ಹಟ ಹಿಡಿದು ಓದುವ ಹುಡುಗ. ಅವನ ವಿಷಯ ಬೇಗ ಮುಗಿಯುತ್ತದೆ.

ಅನ್ನಾಳ ಪುಟದಲ್ಲಿ ಭಾಷೆ ಇದೆ. ಫ್ರೆಂಚ್ ಶಾಲೆಯಲ್ಲಿ ಅವಳು ಪ್ರತಿ ಮಾತನ್ನೂ ಮನಸ್ಸಿನಲ್ಲೇ ಜರ್ಮನ್‌ನಿಂದ ತಿರುಗಿಸಿಕೊಂಡು ಆಡುತ್ತಾಳೆ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಸುಸ್ತು, ಅಳು, ಇನ್ನು ಬರುವುದೇ ಇಲ್ಲ ಎಂಬ ನಿರಾಸೆ. ಒಂದು ದಿನ ಸಹಪಾಠಿ ಕೊಲೆಟ್, ಭಾನುವಾರ ಏನು ಮಾಡಿದೆ ಎಂದು ಕೇಳುತ್ತಾಳೆ. ಅನ್ನಾಳ ಬಾಯಿಂದ ಉತ್ತರ ತಾನೇ ತಾನಾಗಿ ಫ್ರೆಂಚ್‌ನಲ್ಲಿ ಬಂದುಬಿಡುತ್ತದೆ. ತಿರುಗಿಸಿಕೊಳ್ಳಲೇ ಇಲ್ಲ! ಅವಳಿಗೇ ನಂಬಿಕೆ ಬರುವುದಿಲ್ಲ.

ಒಂದು ವರ್ಷ ಯಾದಗಿರಿ ಕಡೆಯಿಂದ ಬಂದ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಅಪ್ಪ ಅಮ್ಮ ಮೈಸೂರಿನಲ್ಲಿ ಕಟ್ಟಡ ಕೆಲಸಕ್ಕೆ ಬಂದವರು. ಅವಳದೂ ಕನ್ನಡವೇ, ಆದರೆ ಅವಳು ಬಾಯಿ ಬಿಟ್ಟರೆ ಹಿಂದಿನ ಬೆಂಚಿನಿಂದ ನಗು. ಹಾಗಾಗಿ ನಾಲ್ಕು ತಿಂಗಳು ತುಟಿ ಬಿಚ್ಚಿರಲಿಲ್ಲ. ಈ ಪ್ರಸಂಗ ಓದಿ ಮುಗಿಸಿದಾಗ ಅವಳು ಕೈ ಎತ್ತಿದಳು. "ನನಗೂ ಹಂಗೇ ಆಗಿತ್ರಿ ಮಿಸ್. ಎಲ್ಲಾ ತಿಳೀತಿತ್ತು, ಬಾಯಾಗ ಬರ್ತಿದ್ದಿಲ್ಲ." ಯಾರೂ ನಗಲಿಲ್ಲ. ನಾನು ಏನೂ ಹೇಳಲಿಲ್ಲ, ಹಲಗೆಯ ಮೇಲೆ ಅನ್ನಾಳ ಹೆಸರಿನ ಕೆಳಗೆ ಆ ಮಾತನ್ನು ಅವಳು ಆಡಿದ ಹಾಗೆಯೇ ಬರೆದೆ.

ಇಂಥ ಮಾತು ಬಂದಾಗ ಮಗುವನ್ನು ಎಬ್ಬಿಸಿ ನಿಲ್ಲಿಸಿ "ಇನ್ನೂ ಹೇಳು" ಎಂದು ಒತ್ತಾಯಿಸಬೇಡಿ. ಹೇಳುವಷ್ಟು ಹೇಳಲಿ.

8. ಕಷ್ಟದ ಪುಟಗಳು

ಜೂಲಿಯಸ್ ಮಾಮ ಅಪ್ಪನ ಗೆಳೆಯ, ಪ್ರಾಣಿಗಳ ಬಗ್ಗೆ ತಿಳಿದವನು. ಹಿಟ್ಲರ್ ಹೆಚ್ಚು ದಿನ ಇರುವುದಿಲ್ಲ, ಹೆದರಿ ಓಡುವುದೇಕೆ ಎಂದು ಬರ್ಲಿನ್‌ನಲ್ಲೇ ಉಳಿಯುತ್ತಾನೆ. ಅವನ ಅಜ್ಜಿ ಯಹೂದಿ ಎಂಬ ಕಾರಣಕ್ಕೆ ಮ್ಯೂಸಿಯಂ ಕೆಲಸ ಹೋಗುತ್ತದೆ. ಕೊನೆಗೆ ದಿನವೂ ಮೃಗಾಲಯಕ್ಕೆ ಹೋಗಲು ಇದ್ದ ಪಾಸನ್ನೂ ಕಿತ್ತುಕೊಳ್ಳುತ್ತಾರೆ. ಆಮೇಲೆ ಅವನು ತನ್ನ ಜೀವ ತಾನೇ ಕಳೆದುಕೊಳ್ಳುತ್ತಾನೆ.

ಮೈಸೂರಿನ ಮಕ್ಕಳಿಗೆ ಝೂ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಕೆಲಸ ಹೋದದ್ದಕ್ಕಿಂತ ಆ ಪಾಸು ಹೋದದ್ದೇ ಅವರನ್ನು ತಟ್ಟಿತು. "ಪ್ರಾಣಿಗಳು ಅವನ ಅಜ್ಜಿ ಯಾರು ಅಂತ ಕೇಳ್ತಿರ್ಲಿಲ್ಲ ಅಲ್ವಾ ಮಿಸ್" ಎಂದ ಒಬ್ಬ ಪುಟ್ಟ ಹುಡುಗ. 'ಉಳಿದವರೆಲ್ಲ ಯಾಕೆ ಹೋಗಲಿಲ್ಲ' ಎಂದು ಗೋಡೆಗೆ ಅಂಟಿಸಿದ್ದ ಪ್ರಶ್ನೆಯನ್ನು ಇಲ್ಲಿ ತೆಗೆಯಿರಿ.

ಈ ಪ್ರಸಂಗಕ್ಕೆ ಮುಂಚೆ ಮೂರು ಕೆಲಸ ಮಾಡಿಕೊಳ್ಳಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗು ಇದೆಯೇ ಎಂದು ವಿಚಾರಿಸಿ, ಇದ್ದರೆ ಆ ಮಗುವಿಗೆ ಮೊದಲೇ ಬೇರೆಯಾಗಿ ಹೇಳಿ, ಆ ದಿನ ಬೇಡವೆಂದರೆ ಗ್ರಂಥಾಲಯಕ್ಕೆ ಕಳಿಸಿ. ಅವನು ಹೇಗೆ ಸತ್ತ ಎಂಬ ವಿವರ ಓದಬೇಡಿ, ಸತ್ತ ಎಂಬುದು ಸಾಕು. ಮತ್ತು ಇದನ್ನು ವಾರದ ಕೊನೆಯ ಪೀರಿಯಡ್‌ಗೆ ಇಡಬೇಡಿ. ಮರುದಿನ ಮಕ್ಕಳು ನಿಮ್ಮ ಕಣ್ಣ ಮುಂದೆ ಇರಬೇಕು. ಯಾತನಾ ಶಿಬಿರದಲ್ಲಿದ್ದ ಪ್ರೊಫೆಸರ್ ಒಬ್ಬನ ಸುದ್ದಿಯೂ ಪುಸ್ತಕದಲ್ಲಿದೆ. ಅದನ್ನು ಆರನೇ ತರಗತಿಗೆ ನಾನು ಓದುವುದಿಲ್ಲ, ಎಂಟನೇ ತರಗತಿಗೆ ಓದುತ್ತೇನೆ.

"ಈಗಲೂ ಹೀಗೆ ಆಗ್ತಿದೆಯಾ?" ಎಂದು ಕೇಳಿದರೆ ಹೌದು ಎಂದೇ ಹೇಳಿ. 2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟವರಿದ್ದರು ಎಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕ. ತಮ್ಮ ದೇಶದೊಳಗೇ ಚದುರಿದವರೂ ಅದರಲ್ಲಿ ಸೇರಿದ್ದಾರೆ. ಯಾವ ದೇಶ ಸರಿ, ಯಾವ ಧರ್ಮ ಸರಿ ಎಂಬ ಜಗಳಕ್ಕೆ ಮಾತು ತಿರುಗಿದರೆ, "ಅಲ್ಲಿ ಅನ್ನಾಳ ವಯಸ್ಸಿನ ಮಗು ಈಗ ಎಲ್ಲಿ ಮಲಗಿರಬಹುದು?" ಎಂದು ಕೇಳಿ ಮಗುವಿನ ಕಡೆಗೇ ತಿರುಗಿಸಿ.

9. ಕಥೆ ಎಷ್ಟು, ನಿಜ ಎಷ್ಟು

ಇದನ್ನು ಕಥೆ ಮುಗಿದ ಮೇಲೆ ಮಾಡಿ, ಮೊದಲೇ ಬೇಡ. ಲೇಖಕಿ 1923ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅವರ ತಂದೆ ಆಲ್‌ಫ್ರೆಡ್ ಕೆರ್ ಜರ್ಮನಿಯ ದೊಡ್ಡ ನಾಟಕ ವಿಮರ್ಶಕ. ಅವರ ಪುಸ್ತಕಗಳನ್ನು ನಾಜಿಗಳು ಸುಟ್ಟರು. ಅನ್ನಾ ಎಂಬುದು ಲೇಖಕಿಯದೇ ಇನ್ನೊಂದು ಹೆಸರು. ಮ್ಯಾಕ್ಸ್ ಅಂದರೆ ಅವರ ಅಣ್ಣ ಮೈಕೆಲ್, ಮುಂದೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಆಶ್ರಯ ಕೇಳಿ ಬಂದ ಹುಡುಗ ಆ ದೇಶದ ನ್ಯಾಯಪೀಠದಲ್ಲಿ ಕೂತದ್ದು! ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟಿದರು.

ಲೇಖಕಿಯ ಮಗ ಚಿಕ್ಕವನಿದ್ದಾಗ ಆ ಕಾಲದ ಕಥೆಯಿರುವ ಸಂಗೀತಮಯ ಸಿನಿಮಾ ಒಂದನ್ನು ನೋಡಿ, ಅಮ್ಮನ ಬಾಲ್ಯ ಹೇಗಿತ್ತೆಂದು ಈಗ ತಿಳಿಯಿತು ಎಂದನಂತೆ. ಹಾಗಿರಲಿಲ್ಲ ಎಂದು ತಿಳಿಸಲು ಅವರು ಇದನ್ನು ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ. ಜರ್ಮನ್, ಫ್ರೆಂಚ್ ಆದ ಮೇಲೆ ಅವರು ಕಲಿತ ಮೂರನೇ ಭಾಷೆ ಅದು. ಜರ್ಮನ್ ಅನುವಾದಕ್ಕೆ 1974ರಲ್ಲಿ ಜರ್ಮನಿಯ ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂತು. ಇಂದು ಬರ್ಲಿನ್‌ನ ಒಂದು ಪ್ರಾಥಮಿಕ ಶಾಲೆಗೆ ಅವರ ಹೆಸರಿದೆ.

ಆಮೇಲೆ ಮಕ್ಕಳಿಗೆ ಕೆಲಸ ಕೊಡಿ: ಎಂಟು ಪ್ರಸಂಗಗಳಲ್ಲಿ ಯಾವುದಕ್ಕೆ ದಾಖಲೆ ಸಿಗಬಹುದು, ಯಾವುದು ನೆನಪು, ಯಾವುದು ಕಲ್ಪನೆ ಇರಬಹುದು? ಚುನಾವಣೆಗೆ ದಾಖಲೆ ಇದೆ. ಆದರೆ ಮೊಲ ಬಿಟ್ಟ ರಾತ್ರಿ ಅನ್ನಾ ಏನು ಯೋಚಿಸಿದಳು ಎಂಬುದಕ್ಕೆ? ಐತಿಹಾಸಿಕ ಕಾದಂಬರಿ ಎಂದರೇನು ಎಂಬ ವ್ಯಾಖ್ಯೆಯನ್ನು ಉರು ಹೊಡೆಸುವುದಕ್ಕಿಂತ ಇದು ಮೇಲು.

10. ನಮ್ಮ ಊರಿನ ಕಡೆಗೆ ಒಂದು ದಾರ

ಬರ್ಲಿನ್‌ನ ಗುಂಡುಪಿನ್ನಿನಿಂದ ಬೆಂಗಳೂರಿಗೂ ದಾರ ಎಳೆಯಬಹುದು. ಇದು ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಯಹೂದಿ ಮೂಲದವರೆಂದು 1933ರಲ್ಲಿ ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಬಂತು. ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ ಬರ್ಲಿನ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ. ಅನ್ನಾಳ ಕುಟುಂಬ ಹೊರಟ ವರ್ಷವೇ ಅವರೂ ಜರ್ಮನಿ ಬಿಟ್ಟರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಯದು. ಬೆಂಗಳೂರಿನ ಶಾಲೆಯಾದರೆ ಅಲ್ಲಿಗೇ ಕರೆದುಕೊಂಡು ಹೋಗಿ ಒಂದು ಪ್ರಸಂಗ ಓದಿ.

ಮೈಸೂರು, ಕೊಡಗು, ಹಾಸನದವರಿಗೆ ಬೈಲಕುಪ್ಪೆ ಹತ್ತಿರ. ಮಕ್ಕಳು ಅದನ್ನು ಗೋಲ್ಡನ್ ಟೆಂಪಲ್ ಎಂದಷ್ಟೇ ಬಲ್ಲರು: ಬಸ್ಸಿಳಿದು ಫೋಟೊ ತೆಗೆಸಿಕೊಂಡು ಮೋಮೊ ತಿಂದು ವಾಪಸ್. 1959ರಲ್ಲಿ ದಲೈಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಮರುವರ್ಷ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬಿತ್ತಿದರು. ಮುಂಡಗೋಡ, ಗುರುಪುರ, ಒಡೆಯರಪಾಳ್ಯಗಳಲ್ಲೂ ಇಂಥ ನೆಲೆಗಳಿವೆ. ಸಿಂಧನೂರು ತಾಲ್ಲೂಕಿನವರಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಕ್ಯಾಂಪುಗಳು ಗೊತ್ತಿರುತ್ತವೆ.

ಪ್ರವಾಸಕ್ಕೆ ಹೋದರೆ ಅಂಗಡಿಯ ಅಜ್ಜಿಯನ್ನು ಹಿಡಿದು ನಿಲ್ಲಿಸಿ "ನೀವು ಹೇಗೆ ಓಡಿ ಬಂದಿರಿ?" ಎಂದು ಮಕ್ಕಳು ಕೇಳಬಾರದು. ಮೊದಲೇ ಅಲ್ಲಿಯ ಶಾಲೆಯವರನ್ನೋ ನೆಲೆಯ ಕಚೇರಿಯವರನ್ನೋ ಕೇಳಿ, ಮಾತನಾಡಲು ಮನಸ್ಸಿರುವ ಹಿರಿಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಪ್ರಶ್ನೆಗಳು ಏಳನೇ ಹೆಜ್ಜೆಯವೇ ಆಗಿರಲಿ: ಇಲ್ಲಿ ಮೊದಲು ಕಲಿತ ಕನ್ನಡ ಪದ ಯಾವುದು? ಮೊದಲ ಮಳೆಗಾಲ ಹೇಗಿತ್ತು? ಇಲ್ಲಿಯ ಯಾವ ತಿಂಡಿ ಅಭ್ಯಾಸವಾಗಲು ಹೊತ್ತು ಹಿಡಿಯಿತು?

11. ಬರೆಸುವುದು, ಅಂಕ ಕೊಡುವುದು

ಪ್ರಬಂಧಕ್ಕೆ 'ನಾನು ನಿರಾಶ್ರಿತನಾದರೆ' ಎಂಬ ವಿಷಯ ಕೊಡಬೇಡಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಒಂದು, ಲಂಡನ್ ತಲುಪಿದ ಮೊದಲ ಬೆಳಗ್ಗೆ ಅಮ್ಮ ಹೈಂಪಿಗೆ ಬರೆದ ಪತ್ರ. ಇನ್ನೊಂದು, ತಮ್ಮ ಮನೆಯಲ್ಲಿ ಬೇರೆ ಊರಿನಿಂದ ಬಂದ ಒಂದು ವಸ್ತುವಿನ ಕಥೆ. ಅದು ಅಜ್ಜಿಯ ಟ್ರಂಕು ಆಗಬಹುದು, ಒರಳುಕಲ್ಲು ಆಗಬಹುದು. ಒಂದು ಪುಟ ಸಾಕು.

20 ಅಂಕದಲ್ಲಿ 8 ವಿವರಕ್ಕೆ, ಅಂದರೆ ಕಣ್ಣಿಗೆ ಕಾಣುವ, ಮೂಗಿಗೆ ವಾಸನೆ ಬರುವ ಸಂಗತಿಗೆ. 6 ಕಾಲಕ್ಕೆ ಹೊಂದುವಂತೆ ಬರೆದದ್ದಕ್ಕೆ. 1936ರ ಪತ್ರದಲ್ಲಿ ಮೊಬೈಲ್ ಬರಬಾರದು. 6 ಪಾತ್ರ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬ ಎಚ್ಚರಕ್ಕೆ. ಕಾಗುಣಿತಕ್ಕೆ ಈ ಸಲ ಅಂಕ ಕಳೆಯಬೇಡಿ, ಆಡುಮಾತಿಗಂತೂ ಕೆಂಪು ಗೆರೆ ಎಳೆಯಲೇಬೇಡಿ.

ಯಾದಗಿರಿಯ ಹುಡುಗಿ ಆರಿಸಿಕೊಂಡದ್ದು ಅವ್ವನ ರೊಟ್ಟಿ ಹಂಚು. ಬಸ್ಸಿನಲ್ಲಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದದ್ದು, ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದು, ದಿನವೂ ಅನ್ನವೇ ಆಗಿ ಅದಕ್ಕೆ ಧೂಳು ಹಿಡಿದದ್ದು, ಎಲ್ಲವನ್ನೂ ತನ್ನ ಮಾತಿನಲ್ಲೇ ಬರೆದಿದ್ದಳು. ಪುಟದ ಕೊನೆಯಲ್ಲಿ ಹೀಗಿತ್ತು: "ಇಲ್ಲಿ ಅಂಗಡ್ಯಾಗ ಜ್ವಾಳದ ಹಿಟ್ಟು ಸಿಗ್ತದ ಅಂತ ಹೋದ ತಿಂಗಳ ಗೊತ್ತಾಯ್ತು. ಅವತ್ತು ಅವ್ವ ಹಂಚು ಹೊರಗ ತಗದಳು."